ನಾಲ್ಕು ಬೆರಳಿಗೂ ಬಿಚ್ಚಬೇಕು

ಬೇಲೂರು ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದು ಹಗ್ಗದಂಗಡಿ.
ಕಣ್ಣಿ, ಮಿಣಿ, ಮೂಗುದಾರ, ಬಾವಿಹಗ್ಗ,
ಈಚೆಗೆ ನೈಲಾನು, ಬಣ್ಣಬಣ್ಣದ್ದು, ಕೆಜಿ ಲೆಕ್ಕ.
ಅಲ್ಲಿಗೆ ಬಂದಳು ವಜ್ರಿ, ನಮ್ಮಕ್ಕನ ಮಗಳು,
ಗೋಣಿತಾಟಿನ ಮೇಲೆ ಸುರಿದಳು ಮೂರು ಕೊಂಡಿ:
ಗಾಳಿಪಟಕ್ಕೆ ಸೊಂಟ ಕಟ್ಟಿಕೊಂಡು
ನೀರ ಮೇಲೆ ಓಡುವವರದ್ದಂತೆ,
ಗಾಳಿ ಕೆಟ್ಟರೆ ತಟ್ಟನೆ ಕಳಚಿಕೊಳ್ಳುವುದಕ್ಕೆ.
"ಮೂರೂ ಸೆಕೆಂಡ್ ಹ್ಯಾಂಡ್, ಮಾವ. ಒಂದಕ್ಕಾಗುವಷ್ಟು ದುಡ್ಡಿದೆ.
ಯಾವುದು, ನೀನೇ ಹೇಳು. ಹಗ್ಗದವನಲ್ಲವೇ?"

ಹಗ್ಗದವನು, ಹೌದು. ಕಟ್ಟುವುದಕ್ಕೆ ಮಾರುವವನು.
ಬಿಚ್ಚುವುದರ ಬಗ್ಗೆ ಈವರೆಗೆ ಗಿರಾಕಿ ಯಾರೂ ಕೇಳಿರಲಿಲ್ಲ.

ತೊಲೆಯಿಂದ ಇಳಿಬಿಟ್ಟು ಎರಡು ಸಿಮೆಂಟುಮೂಟೆ ಕಟ್ಟಿದೆ.
ಮೊದಲನೆಯದು ಕೆಂಪು ತೋಳಿನದು, ಮುಂದಕ್ಕೆ ದೂಡಬೇಕು.
ದೂಡಿದೆ. ಧೊಪ್ಪೆಂದು ಬಿತ್ತು ಮೂಟೆ, ಬೆಕ್ಕು ಪರಾರಿ.
ಎರಡನೆಯದು ಹಗುರ, ಚೆಂದ, ಓಲೆಯ ತಿರುಪಿನ ಹಾಗೆ;
ತಿರುವಿದರೆ ಬೆಣ್ಣೆ. ಕೈ ಒಣಗಿದ್ದರೆ.
ಮೂರನೆಯದು ಹಳೇ ಕಾಲದ್ದು, ಒಂದು ಗುಂಡು, ಒಂದು ಮೊಳೆ;
ಗುಂಡು ಎಳೆದರೆ ಮೊಳೆ ಕಿತ್ತು ಬರಬೇಕು.
ಭಾರವಿದ್ದಾಗ ಕಿರುಗುಟ್ಟಿ ನಿಂತೇಬಿಟ್ಟಿತು,
ಮೂಟೆ ಇಳಿಸಿದ ಮೇಲೆ ತಾನಾಗಿ ಬಿಚ್ಚಿಕೊಂಡಿತು,
ಊಟ ಮುಗಿದ ಮೇಲೆ ಬಂದ ಉಪ್ಪಿನ ಹಾಗೆ.

ಯಗಚಿ ಹಿನ್ನೀರಿನ ರಾಡಿ ಒಂದು ಬಕೆಟ್ ತಂದು
ಮೂರನ್ನೂ ರಾತ್ರಿಯಿಡೀ ನೆನೆಹಾಕಿದೆವು.
ಬೆಳಿಗ್ಗೆ ಓಲೆತಿರುಪು ಹಲ್ಲು ಕಚ್ಚಿತ್ತು.
ಕೆಂಪು ತೋಳು ಒಂದು ಸಲ ಮುನಿದು, ಜಾಲಾಡಿಸಿದರೆ ಒಪ್ಪಿತು,
ಆದರೆ ಮತ್ತೆ ಜೋಡಿಸಲು ಎರಡು ಕೈ, ಒಂದು ಮಂಡಿ, ಬೈಗುಳ ಬೇಕು.
ನಡುನೀರಿನಲ್ಲಿ ಮಂಡಿ ಎಲ್ಲಿಂದ ತರುತ್ತಾಳೆ?
"ಅಭ್ಯಾಸ ಮಾಡ್ತೀನಿ," ಅಂದಳು, ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು.

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅಪ್ಪ ಕೈ ಚಾಚಿದರು: "ಇತ್ತ ಕೊಡು."
ಅಪ್ಪನ ಬಲಗೈಯಲ್ಲಿ ನಾಲ್ಕೇ ಬೆರಳು.
ಹಾಸನದ ಮಂಗಳವಾರದ ಸಂತೆ, ಮಾರಿ ಮುಗಿದ ಹೋರಿ,
ಹಿಡಿತ ಬಿಗಿಯಾಗಲೆಂದು ಕಣ್ಣಿಯನ್ನು ಬೆರಳಿಗೆ ಸುತ್ತಿಕೊಂಡರಂತೆ.
ಲಾರಿಯೊಂದು ಹಾರನ್ನು ಹೊಡೆಯಿತು.
ಅಷ್ಟೇ ಕಥೆ. ಅದಕ್ಕಿಂತ ಹೆಚ್ಚು ಎಂದೂ ಹೇಳಿಲ್ಲ.

ತಿರುಪು ಅವರ ಕೈಯಲ್ಲಿ ತಿರುಗಲಿಲ್ಲ. ಗುಂಡು ಜಾರಿತು.
ಕೆಂಪು ತೋಳನ್ನು ಅಂಗೈಯ ಬುಡದಿಂದಲೇ ದೂಡಿದರು, ಟಕ್.
"ನಾಲ್ಕು ಬೆರಳಿಗೂ ಬಿಚ್ಚಬೇಕು. ಇದೇ ಇರಲಿ," ಅಂದು
ಚಿಲ್ಲರೆ ಎಣಿಸುವುದಕ್ಕೆ ಮರಳಿದರು.

ಜೂನಿನ ಕೊನೆ. ಪಡುವಣ ಗಾಳಿ.
ರಬ್ಬರು ದೋಣಿಯಲ್ಲಿ ಇಮ್ತಿಯಾಜ್ ಮತ್ತು ನಾನು.
ಹಳದಿ ಪಟ ಆಕಾಶದಲ್ಲಿ ಒಮ್ಮೆ ಗಿರಕಿ ಹೊಡೆದು
ನೀರಿಗೆ ಮುಖವಿಟ್ಟು ನುಗ್ಗಿತು,
ವಜ್ರಿಯನ್ನು ಎಳೆಯಿತು ಮುಳುಗಿದ ಮರದ ಬೊಡ್ಡೆಗಳ ಕಡೆಗೆ.
"ಬಿಡೇ!" ಎಂದು ಕೂಗಿದೆ. ಒಂದು.
ಬಿಡಲಿಲ್ಲ. ಎರಡು.
ಹೆದರಿದ ಕೈ ಹೆದರಿಸಿದ್ದನ್ನೇ ಅವುಚಿಕೊಳ್ಳುತ್ತದೆ,
ಇದು ಯಾವ ಕೊಂಡಿಯ ಜೊತೆಗೂ ಬರೆದು ಕೊಟ್ಟಿರಲಿಲ್ಲ.
ಮೂರು. ಕೆಂಪು ಸರಿಯಿತು.
ಪಟ ಒಂದೇ ಎಳೆಗೆ ಜೋತು, ಒದ್ದೆ ಲುಂಗಿಯಾಗಿ ಮಲಗಿತು.
ಸೊಂಟದಲ್ಲಿ ಕೊನೆಯ ಕೊಂಡಿ ಇನ್ನೊಂದಿತ್ತು,
ಅದರವರೆಗೆ ಹೋಗಲಿಲ್ಲ.
ನೀರು ಉಗುಳಿ ಅವಳು ಕೇಳಿದ್ದು, "ಎಷ್ಟಾಯ್ತು ಮಾವ?"
ಒಂದೇ ಎಂದು ಸುಳ್ಳು ಹೇಳಿದೆ.

ಮಿಕ್ಕ ಆ ಎರಡು ಎಣಿಕೆಯನ್ನು
ಯಾವ ಮೂಟೆ ಕಟ್ಟಿ ತೂಗಲಿ?

ಸಂಜೆ ಅಂಗಡಿಗೆ ಹಗರೆಯ ಹುಡುಗನೊಬ್ಬ ಬಂದ,
ಎರಡು ಮಾರು ಕಣ್ಣಿ. ಹೊಸ ಕರುವಿಗಂತೆ.
ಅಪ್ಪ ಚಿಲ್ಲರೆಯ ಜೊತೆ ಎಂದಿನ ಮಾತು ಕೊಟ್ಟರು:
"ಕೈಗೆ ಸುತ್ಕೋಬೇಡ ಮಗ."
ಹುಡುಗ ತಲೆಯಾಡಿಸಿದ.
ಪೊಟ್ಟಣ ಕಟ್ಟುತ್ತಿದ್ದ ನಾನು ಆಗ ನೋಡಿಕೊಂಡೆ,
ಸುತಳಿ ನನ್ನ ತೋರುಬೆರಳಿಗೆ
ಬಿಗಿಯಾಗಿ ಎರಡು ಸುತ್ತು.